ಗಡಿಯಾರದಣ್ಣನ ಓಟು

ಗಡಿಯಾರದಣ್ಣನ ತಲೆಯಲ್ಲಿ ಹುಡುಕಿದರೂ ಒಂದು ಕೂದಲು ಸಿಗುತ್ತಿರಲಿಲ್ಲ. ಆದರೂ ಅವರ ಓಟು ಮಾತ್ರ ಮೊದಲಿನಿಂದಲೂ ಬಾಚಣಿಗೆ ಗುರುತಿಗೇ. ಇದು ಆ ಬೀದಿಯ ಹಳೆಯ ತಮಾಷೆ. ಎದುರು ಸಾಲಿನ ಹೊಲಿಗೆಯಮ್ಮ ಕೀಲಿಕೈ ಪಕ್ಷದವಳು. ಅವಳು ಕೆಣಕಿದಾಗಲೆಲ್ಲ ಅಣ್ಣ, ನಿಮ್ಮ ಕೀಲಿಕೈಗೆ ತೆರೆಯೋಕೆ ಒಂದು ಬೀಗವಾದರೂ ಇದೆಯೇನಮ್ಮ ಎಂದು ತಿರುಗೇಟು ಕೊಡುತ್ತಿದ್ದರು. ಇಬ್ಬರೂ ನಗುತ್ತಿದ್ದರು. ಹೀಗೆ ಬೈದುಕೊಂಡೇ ಅವರು ಎಷ್ಟೋ ಚುನಾವಣೆಗಳನ್ನು ದಾಟಿದ್ದರು.

ಗಡಿಯಾರದಣ್ಣ ಮೊದಲು ಗಡಿಯಾರದ ಕಾರ್ಖಾನೆಯಲ್ಲಿದ್ದವರು. ಅದು ಮುಚ್ಚಿದಾಗ ಬೀದಿಯ ತಿರುವಿನಲ್ಲಿ ರಿಪೇರಿ ಅಂಗಡಿ ಇಟ್ಟರು. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಸಾಸಿವೆಗಿಂತ ಸಣ್ಣ ತಿರುಪುಗಳನ್ನು ಹಿಡಿದು ಕೂರುತ್ತಿದ್ದ ಆ ಮನುಷ್ಯನಿಗೆ ಅರವತ್ತು ದಾಟುವಷ್ಟರಲ್ಲಿ ಎರಡು ಕಣ್ಣೂ ಹೋದವು. ಅಂದಿನಿಂದ ಓಟಿನ ದಿನ ಹೆಂಡತಿಯೇ ಜೊತೆಗೆ ಹೋಗಿ, ಅವರು ಹೇಳಿದ ಗುಂಡಿಯನ್ನು ಒತ್ತಿ ಬರುತ್ತಿದ್ದಳು. ಕಣ್ಣು ಕಾಣದವರಿಗೆ ಹಾಗೊಬ್ಬರನ್ನು ಕರೆದೊಯ್ಯಲು ಅವಕಾಶವಿದೆ. ವಿಶೇಷವೆಂದರೆ, ಆ ಹೆಂಡತಿಯೂ ಕೀಲಿಕೈ ಪಕ್ಷದವಳೇ. ಹೊಲಿಗೆಯಮ್ಮ ಅತ್ತಿಗೆ ಎಂದೇ ಕರೆಯುತ್ತಿದ್ದ ಆಕೆ ಕಾಯಿಲೆ ಬಿದ್ದು ಮಲಗಿದ್ದಾಗ ಅವಳನ್ನು ಹತ್ತಿರ ಕೂರಿಸಿಕೊಂಡು, ಇನ್ನು ಮುಂದೆ ಇವರ ಓಟು ನೀನೇ ನೋಡಿಕೋ ಎಂದಿದ್ದಳು. ಹೊಲಿಗೆಯಮ್ಮ ನಗುತ್ತ, ಅಷ್ಟು ವರ್ಷ ಬಾಚಣಿಗೆ ಒತ್ತುವಾಗ ನಿಮ್ಮ ಬೆರಳು ಒಂದು ಸಲವೂ ಜಾರಲಿಲ್ಲವೇ ಎಂದು ಕೇಳಿದ್ದಳು.

"ಅವರ ಜೊತೆ ಒಳಗೆ ಹೋದಾಗ ಅದು ನನ್ನ ಬೆರಳಲ್ಲ ಕಣೇ," ಎಂದಿದ್ದಳು ಅತ್ತಿಗೆ. "ಅವರದು. ಹೊರಗೆ ಬಂದ ಮೇಲೆ ಮತ್ತೆ ನಂದು."

ಅತ್ತಿಗೆ ಹೋದ ಮೇಲೆ ಹೊಲಿಗೆಯಮ್ಮ ಆ ಮಾತನ್ನು ನಡೆಸಿಕೊಂಡೇ ಬಂದಿದ್ದಳು. ಓಟಿನ ದಿನ ಅಣ್ಣ ಬೆಳಿಗ್ಗೆಯೇ ಸ್ನಾನ ಮಾಡಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಕೋಲು ತಟ್ಟುತ್ತ ಅವಳ ಅಂಗಡಿಯ ಮುಂದೆ ಬಂದು ನಿಲ್ಲುತ್ತಿದ್ದರು. ಅವಳು ಹೊಲಿಗೆ ಯಂತ್ರಕ್ಕೆ ಬಟ್ಟೆ ಹೊದಿಸಿ ಹೊರಡುತ್ತಿದ್ದಳು. ಅವರು ಅವಳ ಮೊಣಕೈ ಹಿಡಿಯುತ್ತಿದ್ದರು. ಹಿಡಿತ ಎಂದರೆ ಹಿಡಿತವೂ ಅಲ್ಲ, ಬೆರಳ ತುದಿ ತಾಕಿದಷ್ಟೇ. ದಾರಿಯಲ್ಲಿ ಮೆಟ್ಟಿಲು ಬಂದರೆ ಅವಳು ಹೇಳುವ ಮೊದಲೇ ಅವಳ ತೋಳಿನಿಂದ ಅದು ಅವರಿಗೆ ತಿಳಿಯುತ್ತಿತ್ತು.

ಬೀದಿಯಲ್ಲಿ ಓಟು ಹಾಕುವವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತ ಬಂದಿದ್ದರು. ರಜೆ ಸಿಕ್ಕಿತೆಂದು ಮಲಗುವವರು ಕೆಲವರು, ಯಾರು ಬಂದರೇನು ಎನ್ನುವವರು ಕೆಲವರು. ಹೊಲಿಗೆಯಮ್ಮನ ಮಗಳೂ ಆ ಪೈಕಿಯೇ. ಅವಳು ಪ್ರಯೋಗಾಲಯದಲ್ಲಿ ರಕ್ತಪರೀಕ್ಷೆ ಮಾಡುವವಳು. ಸೂಜಿ ಹಿಡಿಯೋದು ಇಬ್ಬರೂ ಹಿಡೀತೀವಿ, ನಾನು ಮನುಷ್ಯರಿಗೆ ಚುಚ್ತೀನಿ ಅಷ್ಟೇ ಎನ್ನುತ್ತಿದ್ದಳು. ದರ್ಜಿಯ ಮಗಳಾಗಿಯೂ ಅವಳಿಗೆ ಒಂದು ಗುಂಡಿ ನೆಟ್ಟಗೆ ಹೊಲಿಯಲು ಬರುತ್ತಿರಲಿಲ್ಲ.

ಕಳೆದ ದೊಡ್ಡ ಚುನಾವಣೆಯ ಹೊತ್ತಿಗೆ ತಮಾಷೆಯ ಬಣ್ಣ ಸ್ವಲ್ಪ ಬದಲಾಯಿತು. ಬೀದಿ ಅಗಲ ಮಾಡುತ್ತೇವೆ ಎಂದು ಬಾಚಣಿಗೆಯವರು ಹೇಳಿದರು. ಅಗಲ ಮಾಡಿದರೆ ಎದುರು ಸಾಲಿನ ಅಂಗಡಿಗಳ ಮುಂಭಾಗ ಹೋಗುತ್ತದೆ. ಹೊಲಿಗೆಯಮ್ಮನ ಅಂಗಡಿಗೆ ಮುಂಭಾಗ, ಹಿಂಭಾಗ ಎಂದು ಎರಡಿರಲಿಲ್ಲ. ಯಂತ್ರ, ಇಸ್ತ್ರಿ ಮೇಜು, ಗಿರಾಕಿ ಕೂರುವ ಒಂದು ಸ್ಟೂಲು, ಅಷ್ಟಕ್ಕೇ ಅಂಗಡಿ ಮುಗಿಯುತ್ತಿತ್ತು. ಕೀಲಿಕೈಯವರು ಹಾಗೆ ಆಗಲು ಬಿಡುವುದಿಲ್ಲ ಎಂದರು. ಅವಳಿಗೆ ಅಷ್ಟು ಸಾಕಿತ್ತು.

ಓಟಿನ ದಿನ ಬೆಳಿಗ್ಗೆ ಅವಳು ಮಗಳನ್ನು ಎಬ್ಬಿಸಿದಳು. ಮಗಳು ಮಗ್ಗುಲು ಬದಲಿಸಿ, ನನ್ನ ಒಂದು ಓಟಿಂದ ಅಂಗಡಿ ಉಳಿಯಲ್ಲ ಹೋಗಮ್ಮ ಎಂದಳು. ಇನ್ನೊಮ್ಮೆ ಎಬ್ಬಿಸಿದಾಗ ದಿಂಬನ್ನು ತಲೆಯ ಮೇಲೆ ಹಾಕಿಕೊಂಡಳು. ಅಷ್ಟರಲ್ಲಿ ಹೊರಗೆ ಕೋಲಿನ ಸದ್ದು.

ಮತಗಟ್ಟೆ ಬೀದಿಯ ಕೊನೆಯ ಶಾಲೆಯಲ್ಲಿತ್ತು. ಗೇಟಿನ ಹೊರಗೆ ಕೀಲಿಕೈ ಪಕ್ಷದ ಏಜೆಂಟು ಮುಖ ಸಣ್ಣದು ಮಾಡಿಕೊಂಡು ನಿಂತಿದ್ದ. ನಮ್ಮವರು ಯಾರೂ ಮನೆಯಿಂದ ಏಳ್ತಾನೇ ಇಲ್ಲ ಅಕ್ಕ, ಈ ಸಲ ಒಂದೆರಡು ಓಟಲ್ಲಿ ಹೋಗತ್ತೆ ನೋಡಿ ಎಂದ. ಅಣ್ಣ ಅದನ್ನು ಕೇಳಿಸಿಕೊಂಡರೂ ಮರ್ಯಾದೆಗೆ ಕೇಳಿಸದವರಂತೆ ಇದ್ದರು.

ಒಳಗೆ ಅಧಿಕಾರಿ ಅವಳ ಮುಂದೆ ಒಂದು ಕಾಗದ ಇಟ್ಟ. ಈ ಮತದಾರರು ಹೇಳಿದಂತೆಯೇ ಒತ್ತುತ್ತೇನೆ, ಯಾರಿಗೂ ಹೇಳುವುದಿಲ್ಲ ಎಂಬ ಮಾಮೂಲಿ ಮಾತು. ಅವಳು ಮಾಮೂಲಿನಂತೆ ಸಹಿ ಹಾಕಿದಳು. ರಟ್ಟಿನ ಮರೆಯ ಹಿಂದೆ ಇಬ್ಬರೂ ನಿಂತರು. ಅಣ್ಣ ಅವಳ ಕಿವಿಯ ಹತ್ತಿರ ಬಾಗಿ, ಯಾವತ್ತಿನಂತೆ, ನಮ್ಮದೇ ಕಣಮ್ಮ ಎಂದರು.

ಬಾಚಣಿಗೆ ಎಲ್ಲಕ್ಕಿಂತ ಮೇಲಿತ್ತು. ಕೀಲಿಕೈ ಕೆಳಗೆ. ಅವಳ ಬೆರಳು ಮೇಲಿನ ಗುಂಡಿಯ ಹತ್ತಿರ ಹೋಗಿ ನಿಂತಿತು. ದಿಂಬಿನ ಕೆಳಗಿನ ಮಗಳ ತಲೆ ನೆನಪಾಯಿತು. ಇದು ಮಗಳ ಓಟು, ಅವಳು ಹಾಕದೆ ಉಳಿದಿದ್ದು ಇದು ಎಂದು ಮನಸ್ಸು ಎಲ್ಲಿಂದಲೋ ಒಂದು ಮಾತು ತಂದು ಕೊಟ್ಟಿತು. ಬೆರಳು ಕೆಳಗಿಳಿಯಿತು. ಯಂತ್ರ ಕೂಗಿತು. ಯಾವ ಗುಂಡಿ ಒತ್ತಿದರೂ ಅದು ಕೂಗುವುದು ಒಂದೇ ರೀತಿ.

"ಆಯ್ತಾ ತಂಗಿ?"

"ಆಯ್ತು ಅಣ್ಣ."

ಅಣ್ಣ ಅವಳ ಮೊಣಕೈಯನ್ನು ಒಮ್ಮೆ ಮೆಲ್ಲಗೆ ತಟ್ಟಿದರು. ಅದೂ ಯಾವತ್ತಿನಂತೆ.

ಮನೆಗೆ ಬರುವಾಗ ಅವರು ದಾರಿಯುದ್ದಕ್ಕೂ ಸದ್ದಿಲ್ಲದ ಬಾಗಿಲುಗಳ ಕಡೆಗೆ ಕೋಲು ತೋರಿಸಿ ಬೈದರು. ಓಟು ಹಾಕದವರೆಲ್ಲ ಕಳ್ಳರು, ನಾಳೆಯಿಂದ ರಸ್ತೆ ಸರಿಯಿಲ್ಲ ನೀರು ಸರಿಯಿಲ್ಲ ಅಂತ ಇವರೇ ಕೂಗೋದು ಎಂದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಹಾಗೆ, ಕಳ್ಳರು ಎಂಬ ಮಾತು ಕಿವಿಗೆ ಬಿದ್ದಾಗಲೆಲ್ಲ ಹೊಲಿಗೆಯಮ್ಮ ತನ್ನ ಬೆರಳನ್ನು ಸೆರಗಿನೊಳಗೆ ಮುಚ್ಚಿಕೊಂಡಳು. ಮುಚ್ಚಿಕೊಂಡ ಮೇಲೆ ನೆನಪಾಯಿತು, ಅಣ್ಣನಿಗೆ ಹೇಗೂ ಕಾಣುವುದಿಲ್ಲವಲ್ಲ ಎಂದು. ಆಗ ಇನ್ನಷ್ಟು ನಾಚಿಕೆಯಾಯಿತು.

ಫಲಿತಾಂಶ ಬಂತು. ಒಂದೆರಡು ಓಟಿನ ಮಾತೆಲ್ಲ ಸುಳ್ಳಾಗಿ, ಕೀಲಿಕೈ ಭಾರೀ ಅಂತರದಲ್ಲಿ ಗೆದ್ದಿತು. ಅವಳು ಕದ್ದದ್ದು ಯಾರಿಗೂ ಬೇಕಾಗಿಯೇ ಇರಲಿಲ್ಲ. ಬೇಕಾಗಿದ್ದರೆ ಅಂಗಡಿ ಉಳಿಸಲು ಮಾಡಿದೆ ಎಂದಾದರೂ ಸಮಾಧಾನ ಹೇಳಿಕೊಳ್ಳಬಹುದಿತ್ತು. ಈಗ ಬೇಲಿಯೇ ಎದ್ದು ಹೊಲ ಮೇಯ್ದಿತ್ತು, ಅದೂ ಹಸಿವಿಲ್ಲದೆ.

ಆ ಸಂಜೆ ಗಡಿಯಾರದಣ್ಣ ಬಿಸ್ಕತ್ತಿನ ಪೊಟ್ಟಣ ಹಿಡಿದುಕೊಂಡು ಅಂಗಡಿಗೆ ಬಂದರು. ಸ್ಟೂಲಿನ ಮೇಲೆ ಕೂತು, ಗೆದ್ದೋರು ಬಾಯಿ ಸಿಹಿ ಮಾಡಿಸಬೇಕು, ಇಲ್ಲಿ ಸೋತೋನೇ ತರಬೇಕಾಯ್ತು ಎಂದು ನಕ್ಕರು. ಆಮೇಲೆ ಕೋಲನ್ನು ಎರಡು ಮೊಣಕಾಲಿನ ಮಧ್ಯೆ ನಿಲ್ಲಿಸಿಕೊಂಡರು.

"ನಿನ್ನ ಹತ್ರ ಒಂದು ತಪ್ಪೊಪ್ಪಿಗೆ ಇದೆ ತಂಗಿ," ಎಂದರು. "ನಿನ್ನ ಅಂಗಡಿ ಒಡೆಯೋ ಪಕ್ಷಕ್ಕೆ ನಿನ್ನ ಕೈಲೇ ಓಟು ಒತ್ತಿಸಿದೆ. ಅವತ್ತಿಂದ ಊಟ ಸೇರಿಲ್ಲ. ನೀನು ಒಂದು ಮಾತೂ ಆಡದೆ ಒತ್ತಿದೆ. ಬೇರೆಯವರಾಗಿದ್ರೆ ಒತ್ತುತಿದ್ರಾ?"

ಹೊಲಿಗೆಯಮ್ಮನ ಕೈಯಲ್ಲಿದ್ದ ಕತ್ತರಿ ಬಟ್ಟೆಯ ಮಧ್ಯದಲ್ಲೇ ನಿಂತಿತು. ಅಣ್ಣ ಹೇಳುತ್ತಲೇ ಹೋದರು. ಕಾರ್ಖಾನೆ ಮುಚ್ಚಿದ ದಿನ ಬಾಚಣಿಗೆಯವರು ಬಂದು ಗೇಟಿನ ಮುಂದೆ ತಮ್ಮ ಜೊತೆ ನೆಲದ ಮೇಲೆ ಕೂತಿದ್ದರಂತೆ, ಆ ಋಣವನ್ನೇ ತಾವು ಓಟಿನಿಂದ ತೀರಿಸಿಕೊಂಡು ಬಂದದ್ದಂತೆ. ಆದರೆ ಋಣ ತೀರಿಸಬೇಕಾದದ್ದು ತಾವು, ಅದನ್ನು ತಂಗಿಯ ಅಂಗಡಿಯಿಂದ ತೀರಿಸಬಾರದಿತ್ತು ಎಂದರು. ಎದ್ದು ಹೋಗುವಾಗ, ಅಂಗಡಿ ಉಳೀತಲ್ಲ, ಅಷ್ಟು ಸಾಕು ಎಂದು ಬಾಗಿಲ ಚೌಕಟ್ಟನ್ನು ಒಮ್ಮೆ ಸವರಿ ಹೋದರು.

ಆ ಬಿಸ್ಕತ್ತನ್ನು ಅವಳಿಗೆ ತಿನ್ನಲಾಗಲಿಲ್ಲ. ಮಗಳು ತಿಂದಳು.

ಅಂದಿನಿಂದ ಅವಳ ಕೈ ಅಣ್ಣನ ಕೆಲಸಕ್ಕೆ ಓಡುವುದು ಹೆಚ್ಚಾಯಿತು. ಕೇಳದಿದ್ದರೂ ಅಂಗಿಯ ಕಾಲರು ತಿರುಗಿಸಿ ಹೊಲಿದುಕೊಟ್ಟಳು. ಪರದೆ ಹೊಲಿದಳು. ಕಣ್ಣಿಲ್ಲದವರ ಮನೆಗೆ ಪರದೆ ಯಾಕಮ್ಮ ಎಂದು ಮಗಳು ನಕ್ಕಳು. ಅಣ್ಣ ಮಾತ್ರ ಪ್ರತಿ ಸಲವೂ ಎರಡೂ ಕೈಯಿಂದ ತೆಗೆದುಕೊಂಡು, ಹೊಲಿಗೆಯ ಮೇಲೆ ಬೆರಳಾಡಿಸಿ, ಎಂಥ ಕೈ ತಂಗಿ ನಿಂದು ಎನ್ನುತ್ತಿದ್ದರು. ಆ ಕೈಯ ಬಗ್ಗೆಯೇ ಅವರು ಒಳ್ಳೆಯ ಮಾತಾಡುವುದು ಅವಳಿಗೆ ಗಾಯದ ಮೇಲೆ ಬರೆ ಎಳೆದ ಹಾಗಾಗುತ್ತಿತ್ತು.

ಬಾಯಿಬಿಟ್ಟು ಹೇಳಲು ಧೈರ್ಯವಿರಲಿಲ್ಲ. ಹಾಗಾಗಿ ಅವಳೊಂದು ದಾರಿ ಹುಡುಕಿಕೊಂಡಳು. ನಗರಸಭೆ ಚುನಾವಣೆ ಹತ್ತಿರ ಬರುತ್ತಿತ್ತು. ಆಗ ತನ್ನ ಸ್ವಂತ ಓಟನ್ನು ಬಾಚಣಿಗೆಗೆ ಹಾಕಿಬಿಡುವುದು. ಅಲ್ಲಿಂದ ಒಂದು ತೆಗೆದಿದ್ದೆ, ಇಲ್ಲಿಂದ ಒಂದು ಕೊಟ್ಟೆ, ಲೆಕ್ಕ ಸರಿ. ಹೀಗೆ ನಿಶ್ಚಯಿಸಿದ ದಿನ ಅವಳಿಗೆ ತಿಂಗಳುಗಳ ನಂತರ ನೆಮ್ಮದಿಯ ನಿದ್ದೆ ಬಂತು. ಬಾಚಣಿಗೆಯವರು ಈ ಸಲವೂ ಬೀದಿ ಅಗಲದ ಮಾತನ್ನೇ ಆಡುತ್ತಿದ್ದರು. ಹೋಗಲಿ, ಅದೇ ತನಗೆ ತಕ್ಕ ಶಾಸ್ತಿ ಎಂದುಕೊಂಡಳು.

ಆದರೆ ಚುನಾವಣೆಗೆ ವಾರವಿದೆ ಎನ್ನುವಾಗ ಗಡಿಯಾರದಣ್ಣ ಇಸ್ತ್ರಿಗೆ ಬಿಳಿ ಅಂಗಿ ತಂದರು. ಅದನ್ನು ಮೇಜಿನ ಮೇಲಿಟ್ಟು, ಯಾರೂ ಇಲ್ಲವೆಂದು ಖಚಿತ ಮಾಡಿಕೊಂಡು, ಗುಟ್ಟು ಹೇಳುವ ಹುಡುಗನಂತೆ ಮುಖ ಅರಳಿಸಿದರು.

"ಈ ಸಲ ಕೀಲಿಕೈ ಒತ್ತು ತಂಗಿ. ನಂದು."

"ಏನು?" ಎಂದಳು ಅವಳು.

"ಹೋದ ಸಲ ನಿನ್ನ ಕೈಲಿ ಮಾಡಿಸಿದ ಪಾಪ ಇದೆಯಲ್ಲ, ಅದನ್ನ ಕಳ್ಕೋಬೇಕು. ನಿನ್ನ ಅಂಗಡಿಗೆ ಅಂತ ಒಂದು ಓಟು. ಮೇಲಿರೋ ನಿಮ್ಮ ಅತ್ತಿಗೆ ಬಿದ್ದು ಬಿದ್ದು ನಗ್ತಾಳೆ, ನಗಲಿ."

ಇಸ್ತ್ರಿ ಪೆಟ್ಟಿಗೆ ಕೈಯಲ್ಲೇ ಇತ್ತು. ಅವಳು ಅದನ್ನು ಎತ್ತಿ ನಿಲ್ಲಿಸಿಟ್ಟಳು, ಇಲ್ಲದಿದ್ದರೆ ಅಂಗಿ ಸುಟ್ಟುಹೋಗುತ್ತಿತ್ತು. ಕದ್ದ ಮಾಲಿಗೆ ಈಗ ಬಡ್ಡಿಯೂ ಸೇರಿಕೊಂಡಿತ್ತು. ಆ ಮನುಷ್ಯ ಮಾಡದ ತಪ್ಪಿಗೆ ದಂಡ ಕಟ್ಟಲು ಬಂದು ಕೂತಿದ್ದರು, ಅದನ್ನು ಕಟ್ಟಿಸಿಕೊಳ್ಳುವವಳೂ ತಾನೇ. ಯೋಚಿಸೋಣ ಅಣ್ಣ, ಇನ್ನೂ ದಿನ ಇದೆ ಎಂದು ಏನೋ ಗೊಣಗಿ ಅವರನ್ನು ಕಳಿಸಿದಳು.

ಮರುದಿನ ಅವಳು ಬೇರೆ ಕೆಲಸವೆಲ್ಲ ಬದಿಗಿಟ್ಟು, ಪ್ಯಾಂಟಿನ ದಪ್ಪ ಬಟ್ಟೆಯಿಂದ ಗೇಣಗಲದ ಉದ್ದ ಪಟ್ಟಿ ಕತ್ತರಿಸಿದಳು. ಅದರ ಮೇಲೆ ಅಭ್ಯರ್ಥಿಗಳಿದ್ದಷ್ಟು ಕೋಟಿನ ಗುಂಡಿಗಳನ್ನು, ಮತಯಂತ್ರದಲ್ಲಿ ಇರುವ ಹಾಗೆಯೇ ಒಂದರ ಕೆಳಗೊಂದು ಹೊಲಿದಳು. ಈ ಸಲವೂ ಎಲ್ಲಕ್ಕಿಂತ ಮೇಲಿನದು ಬಾಚಣಿಗೆ, ಅದರ ಕೆಳಗಿನದು ಕೀಲಿಕೈ. ನಿಜವಾದ ಯಂತ್ರದಲ್ಲಿ ಗುಂಡಿಗಳ ಪಕ್ಕದಲ್ಲಿ ಕಾಣದವರಿಗೆಂದು ಉಬ್ಬು ಚುಕ್ಕಿಗಳಿರುತ್ತವೆ. ಈ ವಯಸ್ಸಲ್ಲಿ ಯಾರು ಅಕ್ಷರಾಭ್ಯಾಸ ಮಾಡ್ತಾರೆ ಎಂದು ಅಣ್ಣ ಅದನ್ನು ಕಲಿತಿರಲಿಲ್ಲ. ಅವಳು ಶಾಲೆಯ ಟೀಚರಮ್ಮನನ್ನು ಕೇಳಿ ತಿಳಿದುಕೊಂಡು, ಪ್ರತಿ ಗುಂಡಿಯ ಪಕ್ಕದಲ್ಲೂ ದಪ್ಪ ದಾರದಿಂದ ಗಂಟು ಹಾಕಿ ಆ ಚುಕ್ಕಿಗಳನ್ನು ಮಾಡಿದಳು.

ಅದನ್ನು ತೆಗೆದುಕೊಂಡು ಹೋಗಿ ಅಣ್ಣನ ಕೈಯಲ್ಲಿಟ್ಟಳು. ಅವರ ಬೆರಳುಗಳು ಗುಂಡಿಯಿಂದ ಗಂಟಿಗೆ, ಗಂಟಿನಿಂದ ಗುಂಡಿಗೆ ಇಳಿದವು. ಗಡಿಯಾರ ಬಿಚ್ಚಿದ ಬೆರಳುಗಳು. ಅವಕ್ಕೆ ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ನೀವೇ ಒತ್ತಬಹುದು ಅಣ್ಣ, ಯಾರ ಹಂಗೂ ಬೇಡ ಎಂದು ಅವಳು ಕಲಿತ ಪಾಠ ಒಪ್ಪಿಸಿದಂತೆ ಹೇಳಿದಳು.

ಅಣ್ಣನ ಮುಖ ಬಾಡಿತು.

"ನನ್ನ ಕರ್ಕೊಂಡು ಹೋಗೋದು ಬೇಜಾರಾಯ್ತಾ ತಂಗಿ? ಬೇಜಾರಾಗಿದ್ರೆ ನೇರವಾಗಿ ಹೇಳು. ಇಷ್ಟೆಲ್ಲ ಹೊಲಿಯೋ ಕಷ್ಟ ಯಾಕೆ ತಗೊಂಡೆ?"

ಅದನ್ನು ಅವರು ಮುನಿಸಿಲ್ಲದೆ ಕೇಳಿದ್ದರು. ತಾನು ಭಾರವಾದೆ ಎಂದು ತಿಳಿದವನ ಧ್ವನಿ ಅದು. ಹೊಲಿಗೆಯಮ್ಮ ಎಷ್ಟೋ ಸಲ ಮನಸ್ಸಿನಲ್ಲೇ ಆಡಿ ನೋಡಿದ್ದ ಮಾತುಗಳೆಲ್ಲ ಕೈಕೊಟ್ಟವು. ಉಳಿದದ್ದು ಇಷ್ಟೇ.

"ಹೋದ ಸಲ ನಾನು ಬಾಚಣಿಗೆ ಒತ್ತಲಿಲ್ಲ ಅಣ್ಣ. ಕೀಲಿಕೈ ಒತ್ತಿದೆ."

ಅಣ್ಣ ಪಟ್ಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡರು. ಗೋಡೆಯ ಮೇಲೆ ಅವರ ಹಳೆಯ ಗಡಿಯಾರಗಳು ಒಂದಕ್ಕೊಂದು ತಾಳ ತಪ್ಪಿಸಿಕೊಂಡು ಟಿಕ್ ಟಿಕ್ ಎನ್ನುತ್ತಿದ್ದವು. ಅವಳು ಅಂಗಡಿಯ ವಿಷಯ, ಏಜೆಂಟು ಹೇಳಿದ್ದು, ಮಗಳು ಏಳದೆ ಹೋದದ್ದು, ಎಲ್ಲವನ್ನೂ ಹಿಂದುಮುಂದಾಗಿ ಹೇಳಿದಳು. ಹೇಳಿದಂತೆಲ್ಲ ಪ್ರತಿಯೊಂದು ಕಾರಣವೂ ಚಿಕ್ಕದಾಗುತ್ತ ಹೋಯಿತು. ಕೊನೆಗೆ, ಈ ಸಲ ನನ್ನ ಓಟನ್ನ ಬಾಚಣಿಗೆಗೆ ಹಾಕಿ ತೀರಿಸ್ತೀನಿ ಎಂದಳು.

"ಬೇಡ," ಎಂದರು ಅಣ್ಣ. "ನಂದನ್ನ ಕದ್ದು ಕೀಲಿಕೈಗೆ ಕೊಟ್ಟೆ. ಈಗ ನಿಂದನ್ನೂ ಕದ್ದು ಬಾಚಣಿಗೆಗೆ ಕೊಡ್ತೀಯಾ? ಅದೇನು ಸಕ್ಕರೆ ಬಟ್ಟಲಾ, ಇವತ್ತು ತಗೊಂಡು ನಾಳೆ ವಾಪಸ್ ಕೊಡೋಕೆ?"

ಅವರೇ ಮುಂದುವರಿಸಿದರು. ಧ್ವನಿ ಏರಲಿಲ್ಲ.

"'ಅಣ್ಣ, ಅಂಗಡಿ ಹೋಗತ್ತೆ, ಈ ಒಂದು ಸಲ ನಮ್ಮ ಕಡೆಗೆ ಹಾಕಿ' ಅಂತ ನೀನು ಕೇಳಿದ್ದಿದ್ರೆ ನಾನು ಹಾಕ್ತಿದ್ನೋ ಏನೋ. ಹಾಕ್ತಿರಲಿಲ್ವೋ ಏನೋ. ಅದು ನನಗೂ ಗೊತ್ತಾಗಲಿಲ್ಲ ನೋಡು. ಕೇಳೋ ಮೊದಲೇ ಉತ್ತರ ನೀನೇ ಕೊಟ್ಬಿಟ್ಟೆ."

ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. ಆ ಸದ್ದು ಕೇಳಿಯೋ ಏನೋ, ಅಣ್ಣ ಕೈ ಚಾಚಿ ಮೇಜಿನ ಮೇಲಿದ್ದ ನೀರಿನ ಲೋಟವನ್ನು ಅವಳಿದ್ದ ಕಡೆಗೆ ಮೆಲ್ಲಗೆ ತಳ್ಳಿದರು. ಅಷ್ಟೇ. ಅವಳು ನೀರು ಕುಡಿದು, ಲೋಟ ತೊಳೆದಿಟ್ಟು, ಬಾಗಿಲು ಎಳೆದುಕೊಂಡು ಬಂದಳು.

ಆ ವಾರವೆಲ್ಲ ಕೋಲಿನ ಸದ್ದು ಅಂಗಡಿಯ ಮುಂದೆ ನಿಲ್ಲದೆ ದಾಟಿ ಹೋಯಿತು. ಇಸ್ತ್ರಿಯಾದ ಬಿಳಿ ಅಂಗಿಯನ್ನು ಅವಳು ಮಗಳ ಕೈಯಲ್ಲಿ ಕಳಿಸಿದಳು. ಅಣ್ಣ ಏನಂದರು ಎಂದು ಕೇಳಿದರೆ, ಸೋಫಾದಲ್ಲಿ ಕೂತು ಅದೇನೋ ಗುಂಡಿ ಒತ್ತುತ್ತಾ ಇದ್ರು, ಅಂಗಿ ತಗೊಂಡು ಥ್ಯಾಂಕ್ಸ್ ಅಂದ್ರು ಎಂದಳು ಮಗಳು. ಅಮ್ಮನ ಮುಖ ನೋಡಿ, ಏನಾಯ್ತಮ್ಮ ಎಂದು ಕೇಳಿದಳು. ಹೊಲಿಗೆಯಮ್ಮ ಮಗಳಿಗೂ ಎಲ್ಲವನ್ನೂ ಹೇಳಿದಳು. ನಿನ್ನ ಓಟು ಅಂತ ಹೇಳಿಕೊಂಡು ಒತ್ತಿದೆ ಎಂದದ್ದಕ್ಕೆ ಮಗಳು ನಗಲಿಲ್ಲ. ಪಾತ್ರೆ ತೊಳೆಯುವ ಸರದಿ ಅವಳದಲ್ಲದಿದ್ದರೂ ಆ ದಿನ ಅವಳೇ ತೊಳೆದಳು.

ಓಟಿನ ದಿನ ಬೆಳಿಗ್ಗೆ ಹೊಲಿಗೆಯಮ್ಮ ಅಂಗಡಿಯಲ್ಲಿ ಕೂತು, ದಾರ ಪೋಣಿಸುವುದು, ತೆಗೆಯುವುದು, ಇದನ್ನೇ ಮಾಡುತ್ತಿದ್ದಳು. ಕೋಲಿನ ಸದ್ದು ಬಂತು. ಅದು ಬಾಗಿಲ ಮುಂದೆ ನಿಂತಿತು.

"ಹೊತ್ತಾಯ್ತು, ನಡಿ," ಎಂದರು ಅಣ್ಣ.

ಬಿಳಿ ಅಂಗಿಯ ಜೇಬಿನಿಂದ ಬಟ್ಟೆಯ ಪಟ್ಟಿಯ ತುದಿ ಕಾಣುತ್ತಿತ್ತು. ಅವಳು ಯಂತ್ರಕ್ಕೆ ಬಟ್ಟೆ ಹೊದಿಸಿ ಹೊರಗೆ ಬಂದಳು. ಅವರು ಮೊಣಕೈ ಹಿಡಿದರು. ಮೊದಲಿನಷ್ಟು ಹಗುರವಾಗಿರಲಿಲ್ಲ ಆ ಹಿಡಿತ. ದಾರಿ ತೋರಿಸುವವರನ್ನು ಹಿಡಿಯುವಷ್ಟು, ಅದಕ್ಕಿಂತ ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಹಿಂದಿನಿಂದ ಮಗಳು ಚಪ್ಪಲಿ ಸಿಕ್ಕಿಸಿಕೊಳ್ಳುತ್ತ, ನಾನೂ ಬರ್ತೀನಿ ಇರಿ ಎಂದು ಓಡಿ ಬಂದಳು. ಓಹೋ, ಸೂರ್ಯ ಯಾವ ಕಡೆ ಹುಟ್ಟಿದಾನೆ ನೋಡಿ ಹೇಳಮ್ಮ, ನನಗೆ ಕಾಣಲ್ಲ ಎಂದರು ಅಣ್ಣ. ಮೂವರಲ್ಲಿ ಮಗಳೊಬ್ಬಳೇ ನಕ್ಕಳು.

ಮತಗಟ್ಟೆಯಲ್ಲಿ ಅಧಿಕಾರಿ ಅಭ್ಯಾಸದಂತೆ ಅವಳ ಕಡೆಗೆ ಕಾಗದ ಸರಿಸಿದ. ಬೇಡ, ನಾನೇ ಒತ್ತುತೀನಿ ಎಂದರು ಅಣ್ಣ. ರಟ್ಟಿನ ಮರೆಯವರೆಗೆ ಅವಳ ಮೊಣಕೈ ಹಿಡಿದು ಬಂದು, ಅಲ್ಲಿ ಬಿಟ್ಟರು. ಅವಳು ಹಿಂದೆ ಸರಿದು, ಗೋಡೆಗೆ ಮುಖ ಮಾಡಿ ನಿಂತಳು. ಗೋಡೆಯ ಮೇಲೆ ಮಕ್ಕಳು ಬರೆದ ಮೀನಿನ ಚಿತ್ರವಿತ್ತು. ಅಣ್ಣ ಬಹಳ ಹೊತ್ತು ತೆಗೆದುಕೊಂಡರು. ಸಾಲಿನಲ್ಲಿ ಯಾರೋ ಕೆಮ್ಮಿದರು. ಆಮೇಲೆ ಯಂತ್ರ ಕೂಗಿತು.

ಅವಳು ತನ್ನ ಸರದಿಯಲ್ಲಿ ತನ್ನ ಓಟನ್ನು ತಾನು ಹಾಕಿದಳು, ಯಾವತ್ತಿನಂತೆ ಕೀಲಿಕೈಗೆ. ಋಣ ತೀರದೆ ಹಾಗೆಯೇ ಉಳಿಯಿತು.

ಬರುವಾಗ ಅಣ್ಣ ಯಾರನ್ನೂ ಬೈಯಲಿಲ್ಲ. ಅಷ್ಟು ವರ್ಷಗಳಲ್ಲಿ ಅವರ ಓಟು ಯಾರಿಗೆ ಎಂದು ಅವಳಿಗೆ ಗೊತ್ತಿಲ್ಲದೆ ಇದ್ದದ್ದು ಇದೇ ಮೊದಲು. ಕೇಳಲು ನಾಲಗೆ ತುದಿಯವರೆಗೆ ಬಂತು, ನುಂಗಿಕೊಂಡಳು. ಅಂಗಡಿಯ ಮುಂದೆ ಬಂದಾಗ ಅವರು ಜೇಬಿನಿಂದ ಪಟ್ಟಿ ತೆಗೆದು ಅವಳ ಕಡೆ ಚಾಚಿದರು.

"ಒತ್ತಿ ಒತ್ತಿ ಒಂದು ಗುಂಡಿ ಸಡಿಲ ಆಗಿದೆ ತಂಗಿ. ಹೊಲಿದಿಡು. ಮುಂದಿನ ಸಲಕ್ಕೆ ಬೇಕಾಗತ್ತೆ."

ಹೇಳಿ, ಅವಳ ಮೊಣಕೈಯನ್ನು ತಟ್ಟಲು ಕೈ ಎತ್ತಿದರು. ಕೈ ಅರ್ಧಕ್ಕೆ ನಿಂತಿತು. ಆಮೇಲೆ ಕೋಲು ಹಿಡಿದುಕೊಂಡು ತಮ್ಮ ಮನೆಯ ಕಡೆ ಹೋದರು.

ಪಟ್ಟಿ ಅವಳ ಅಂಗೈಯಲ್ಲಿ ಮಡಿಸಿದಂತೆಯೇ ಇತ್ತು. ಅದನ್ನು ಬಿಡಿಸಿದರೆ ಸಾಕು. ಮೇಲಿನ ಗುಂಡಿ ಜೋತಾಡುತ್ತಿದ್ದರೆ ಬಾಚಣಿಗೆ, ಕೆಳಗಿನದಾದರೆ ಕೀಲಿಕೈ. ಅಣ್ಣ ತನ್ನ ಅಂಗಡಿಗೆಂದು ಓಟು ಹಾಕಿದರೋ, ಮನಸ್ಸು ಮುರಿದು ಹಳೆಯ ಕಡೆಗೇ ಹೋದರೋ, ತನ್ನನ್ನು ಕ್ಷಮಿಸಿದರೋ ಇಲ್ಲವೋ, ಎಲ್ಲಕ್ಕೂ ಉತ್ತರ ಒಂದು ಎಳೆ ದಾರದಲ್ಲಿ ನೇತಾಡುತ್ತಿತ್ತು. ಗುಂಡಿ ಸಡಿಲವಾದದ್ದನ್ನು ಹೇಳಿದ ಮನುಷ್ಯನಿಗೆ ಅದು ಹೊಳೆಯದೆ ಇದ್ದೀತೇ? ಹೊಳೆದೂ ಕೊಟ್ಟರೇ? ಅವಳಿಗೆ ತಿಳಿಯಲಿಲ್ಲ.

ಅವಳು ಪಟ್ಟಿಯನ್ನು ಬಿಡಿಸದೆ ಮಗಳ ಮುಂದೆ ಹಿಡಿದಳು.

"ಇದರಲ್ಲೊಂದು ಗುಂಡಿ ಸಡಿಲ ಆಗಿದೆಯಂತೆ. ನೀನು ಹೊಲಿ."

"ನಾನಾ? ನನಗೆಲ್ಲಿ ಬರತ್ತಮ್ಮ?"

"ಸೊಟ್ಟಗಾದ್ರೂ ಪರವಾಗಿಲ್ಲ. ಗಟ್ಟಿಯಾಗಿ ಹೊಲಿ. ಮುಗಿದ ಮೇಲೆ ಉಳಿದ ಎಲ್ಲಾ ಗುಂಡಿಗೂ ಅದೇ ದಾರದಲ್ಲಿ ಒಂದೊಂದು ಸುತ್ತು ಹಾಕು. ಯಾವುದು ಅಂತ ನನಗೆ ಹೇಳಬೇಡ."

ಮಗಳು ಅಮ್ಮನ ಮುಖವನ್ನೊಮ್ಮೆ ನೋಡಿ, ಏನೂ ಕೇಳದೆ ಸ್ಟೂಲಿನ ಮೇಲೆ ಕೂತಳು. ಹೊಲಿಗೆಯಮ್ಮ ಸೂಜಿಗೆ ದಾರ ಪೋಣಿಸಿ ಕೊಟ್ಟು, ಇಸ್ತ್ರಿ ಮೇಜಿನ ಕಡೆ ತಿರುಗಿ, ಬೆನ್ನು ಹಾಕಿ ನಿಂತಳು. ಹಿಂದಿನಿಂದ ಸೂಜಿ ಚುಚ್ಚಿಕೊಂಡ ಮಗಳು ಸ್ಸ್ ಎಂದದ್ದು ಕೇಳಿಸಿತು. ಅವಳು ತಿರುಗಲಿಲ್ಲ.